ನಲವತ್ತೆರಡರ ಮೇಲೆ ಇಲ್ಲ

2025 ಮೇ 17, ಶನಿವಾರ
ಬದಿಯಡ್ಕ

ತಿಂಗಳ ಕೊನೆಗೆ ಚಿಕ್ಕಮ್ಮನ ಮಗಳ ಮದುವೆ ಉಂಟು. ಬ್ಲೌಸಿಗೆ ಅಳತೆ ಕೊಡಲು ಬೆಳಗ್ಗೆ ಪೇಟೆಗೆ ಹೋದೆ. ನಮ್ಮ ಟೈಲರಕ್ಕ ಹಳೇ ಪುಸ್ತಕ ತೆಗೆದು ನನ್ನ ಪುಟ ಹುಡುಕಿದರು, ಸುಮ್ಮನೆ ಒಮ್ಮೆ ನೋಡುವಾ ಅಂತ ಟೇಪು ಹಿಡಿದರು, ಆಮೇಲೆ ಆ ಪುಟಕ್ಕೆ ಅಡ್ಡಗೆರೆಯನ್ನೇ ಎಳೆದುಬಿಟ್ಟರು. ಹೆಗಲಿಂದ, ಎದೆಯ ತುಂಬಿದ ಕಡೆಗೆ ಬಟ್ಟೆ ಮಡಿಸಿ ಹೊಲಿಯುವ ಟಕ್ಸ್‌ವರೆಗಿನ ಅಳತೆ ಒಂದೂಕಾಲು ಇಂಚು ಕಡಿಮೆಯಾಗಿದೆಯಂತೆ. “ಸಪೂರ ಆದದ್ದಾ ನೀವು?” ಅಂತ ಕೇಳಿದರು. ಸಪೂರವೂ ಇಲ್ಲ, ಮಣ್ಣೂ ಇಲ್ಲ. ತೂಕ ಇದ್ದಲ್ಲೇ ಇದೆ. ಬ್ರಾ ಬದಲಾಗಿದೆ, ಅಷ್ಟೆ.

ಅವರಿಗೆ ಖುಷಿಯೇ ಆಯಿತು. “ಮದುವೆ ದಿವಸ ಇದನ್ನೇ ಹಾಕಬೇಕು, ಹಳೇದು ಹಾಕಿ ಬ್ಲೌಸ್ ಸರಿ ಕೂರಲಿಲ್ಲ ಅಂತ ನನ್ನ ಹತ್ತಿರ ಬರಬೇಡಿ” ಅಂದರು. ನ್ಯಾಯವೇ. ಒಳಗಿನದ್ದು ಎಲ್ಲಿ ನಿಲ್ಲಿಸುತ್ತದೋ ಮೇಲಿನದ್ದರ ಟಕ್ಸ್ ಅಲ್ಲಿಗೇ ಬರಬೇಕು.

ಈ ಅಕ್ಕ ಕಟೋರಿ ಬ್ಲೌಸ್, ಅಂದರೆ ಎದೆಗೆ ಬಟ್ಟಲಿನ ಆಕಾರ ಬರುವ ಹಾಗೆ ತುಂಡು ಜೋಡಿಸಿದ್ದು, ಚೆನ್ನಾಗಿ ಹೊಲಿಯುತ್ತಾರೆ. ಎದೆಯ ತುಂಬಿದ ಭಾಗದ ಸುತ್ತು, ಅದರ ಕೆಳಗಿನ ಸುತ್ತು, ಹೆಗಲು, ತೋಳು, ಎರಡು ಟಕ್ಸ್‌ಗಳ ನಡುವಿನ ಅಂತರ, ಎಲ್ಲ ಬರೆದುಕೊಂಡ ಮೇಲೆಯೇ ಕತ್ತರಿ ಮುಟ್ಟುವುದು. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಿಗುವ ಅಂಗಡಿಯಲ್ಲಿ ಬ್ರಾಕ್ಕೆ ಒಂದೇ ಪ್ರಶ್ನೆ, ಸೈಜ್ ಎಷ್ಟು. ಕಾಸರಗೋಡಿನಲ್ಲಾದರೆ “ಸೈಸ್ ಎತ್ರಯಾ?”, ಕುಂಬಳೆಯಲ್ಲಾದರೆ “ಸೈಜ್ ಏತ್?” ಯಾವ ಭಾಷೆಯಲ್ಲಿ ಕೇಳಿದರೂ ಅವರಿಗೆ ಬೇಕಾದದ್ದು ಒಂದು ಸಂಖ್ಯೆ. ಹೇಳಲು ನಾಚಿಕೆಯಾಗಿ ಸುಮ್ಮನೆ ನಿಂತರೆ ಕೌಂಟರಿನವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ ತಾವೇ ಒಂದು ಸಂಖ್ಯೆ ಕೊಡುತ್ತಾರೆ. ನನ್ನನ್ನು ನೋಡಿದವರೆಲ್ಲ ಮೊದಲು ಹೇಳುವುದು “ನಲವತ್ತೆರಡರ ಮೇಲೆ ಇಲ್ಲ.”

ಈಗ ಲೆಕ್ಕಕ್ಕೆ ಬರುವಾ. ಎದೆಯ ಕೆಳಗೆ, ಉಸಿರು ಬಿಟ್ಟು, ಟೇಪು ಬಿಗಿಯಾಗಿ ಹಿಡಿದರೆ ನನ್ನದು 38 ಇಂಚು. ತುಂಬಿದ ಭಾಗದ ಸುತ್ತು 44. ಭಾರ ಜಾಸ್ತಿ ಇರುವವರು ನೇರ ನಿಂತು ಒಮ್ಮೆ, ಮುಂದಕ್ಕೆ ಬಗ್ಗಿ ಒಮ್ಮೆ ಅಳೆದು ನಡುವಿನದ್ದು ಹಿಡಿಯುವುದು ಒಳ್ಳೆಯದು. ನಿಂತೇ ಅಳೆದರೆ ಜೋಲಿದ ಭಾಗ ಟೇಪಿಗೆ ಸಿಗುವುದಿಲ್ಲ. ಬ್ರಾದ ಸಂಖ್ಯೆ ಹೇಳುವುದು ಪಕ್ಕೆಲುಬಿನ ಸುತ್ತ ಬರುವ ಪಟ್ಟಿಯನ್ನು, ಅಂದರೆ 38. ಅಕ್ಷರ ಹೇಳುವುದು ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನು, ಅಂದರೆ ಕಪ್ಪನ್ನು (ಎದೆ ಕೂರುವ ಬಟ್ಟಲನ್ನು): ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅಲ್ಲಿಂದ ಮೇಲೆ ಬ್ರಿಟಿಷ್ ಲೆಕ್ಕದಲ್ಲಿ ಡಿಡಿ, ಇ, ಎಫ್ ಅಂತ ಹೋಗುತ್ತದೆ; ಅಮೆರಿಕದವರು ಡಿಡಿ ಆದ ಮೇಲೆ ಡಿಡಿಡಿ ಬರೆಯುತ್ತಾರೆ. ನನಗೆ ಆರು ಇಂಚು, ಹಾಗಾಗಿ 38 ಇ.

ಅಂಗಡಿಯವರು ಕೊಡುತ್ತಿದ್ದದ್ದು 42 ಬಿ. ಪಟ್ಟಿ ನನ್ನ ಪಕ್ಕೆಗಿಂತ ನಾಲ್ಕು ಇಂಚು ದೊಡ್ಡದು, ಕಪ್ಪು ಎರಡು ಮೆಟ್ಟಿಲು ಚಿಕ್ಕದು. ನನ್ನ ಕಪ್ಪಿನಷ್ಟೇ ಜಾಗ 42ರಲ್ಲಿ ಬೇಕಾದರೆ ಅದು 42 ಡಿ ಆಗಬೇಕು, ಯಾಕೆಂದರೆ ಪಟ್ಟಿ ಒಂದು ಸೈಜ್ ಏರಿದರೆ ಅಕ್ಷರ ಒಂದು ಇಳಿಯುತ್ತದೆ: 38 ಇ, 40 ಡಿಡಿ, 42 ಡಿ, ಈ ಮೂರರ ಕಪ್ಪೂ ಒಂದೇ. ಅಂಗಡಿಯಲ್ಲಿ ಸಂಖ್ಯೆ ಮಾತ್ರ ಏರುತ್ತಾ ಹೋಗುತ್ತದೆ, ಅಕ್ಷರ ಬಿಯಲ್ಲೇ ಕೂತಿರುತ್ತದೆ. ಕಪ್ಪಿಗೆ ಅಕ್ಷರ ಕೊಡುವ ಕ್ರಮ ಅಮೆರಿಕದಲ್ಲಿ ಬಂದದ್ದು 1930ರ ದಶಕದಲ್ಲಿ. ನಮ್ಮ ಬಸ್‌ಸ್ಟ್ಯಾಂಡಿನ ಆಸುಪಾಸಿಗೆ ಅದು ಇನ್ನೂ ಬಂದು ಮುಟ್ಟಿಲ್ಲ.

ಸಡಿಲ ಪಟ್ಟಿಯಿಂದ ಆಗುವುದೇನು ಅಂತ ನನ್ನ ಹೆಗಲು ನೋಡಿದರೆ ಗೊತ್ತಾಗುತ್ತದೆ. ಭಾರ ಹೊರಬೇಕಾದದ್ದು ಪಟ್ಟಿ. ಅದು ಬೆನ್ನಿನಲ್ಲಿ ಮೇಲಕ್ಕೆ ಏರಿ ಕೂತರೆ ಮುಂದೆ ಎಲ್ಲ ಕೆಳಗೆ ಬರುತ್ತದೆ. ಕೆಳಗೆ ಬಂತು ಅಂತ ನಾವು ಸ್ಟ್ರಾಪ್ ಬಿಗಿ ಮಾಡುತ್ತೇವೆ. ಬಿಗಿ ಮಾಡಿದ ಸ್ಟ್ರಾಪ್ ಪಟ್ಟಿಯನ್ನು ಇನ್ನಷ್ಟು ಮೇಲೆ ಎಳೆಯುತ್ತದೆ. ಹೆಗಲಲ್ಲಿ ಎತ್ತಿನ ನೊಗದ ಹಾಗೆ ಗುಳಿ ಬಿದ್ದಿತ್ತು. ಸಂಜೆಯ ಹೊತ್ತಿಗೆ ಕುತ್ತಿಗೆಯಿಂದ ತಲೆಯ ಹಿಂದಿನವರೆಗೆ ನೋವು. “ಸ್ವಲ್ಪ ತೂಕ ಇಳಿಸಿದರೆ ಎಲ್ಲ ಸರಿ ಆಗ್ತದೆ” ಅಂತ ಎಷ್ಟು ಜನ ಹೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ತೂಕ ಇಳಿಯುವವರೆಗೆ ಕುತ್ತಿಗೆ ಎಲ್ಲಿ ತೆಗೆದಿಡಲಿ ಅಂತ ಯಾರೂ ಹೇಳಲಿಲ್ಲ.

ಅಂಗಡಿಯವರ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. 32ರಿಂದ 44ರವರೆಗೆ ಏಳು ಪಟ್ಟಿ, ಬಿಯಿಂದ ಇವರೆಗೆ ಐದು ಕಪ್ಪು, ಮೂರು ಬಣ್ಣ ಅಂದರೆ ಒಂದೇ ಮಾಡೆಲಿಗೆ 105 ಪೀಸು ಬೇಕು, ಅದೂ ಒಂದೊಂದೇ ಇಟ್ಟರೆ. ಸಣ್ಣ ಪೇಟೆಯ ಕಪಾಟಿನಲ್ಲಿ ಅಷ್ಟು ದುಡ್ಡು ಹೂತಿಡಲು ಯಾರಿಗೆ ಸಾಧ್ಯ? ಆದರೆ ಒಂದು ಟೇಪು ಇಡಲು ದುಡ್ಡು ಬೇಡ. “ನಿಮ್ಮದು 38 ಇ, ನಮ್ಮಲ್ಲಿಲ್ಲ” ಅಂತ ಹೇಳಿ ಕಳಿಸಿದರೂ ಸಾಕಿತ್ತು. ಹಾಕಿ ನೋಡಲು ಬಿಡುವುದಿಲ್ಲ, ಮನೆಗೆ ತಂದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ, “ಹಾಕ್ತಾ ಹಾಕ್ತಾ ಸರಿ ಆಗ್ತದೆ” ಅಂತ ಪೇಪರಿನಲ್ಲಿ ಸುತ್ತಿ ಕೊಡುವುದು ಯಾವ ವ್ಯಾಪಾರ?

ತಲಪಾಡಿ ದಾಟಿ ಮಂಗಳೂರಿಗೂ ಹೋಗಿದ್ದೆ. ಅಲ್ಲಿನ ಮಾಲ್‌ಗಳಲ್ಲಿ ಟ್ರಯಲ್ ರೂಮ್ ಉಂಟು, ಅಳೆಯುವ ಹುಡುಗಿಯರೂ ಇದ್ದಾರೆ. ಒಂದು ಕಡೆ ಹುಡುಗಿ ಚೆನ್ನಾಗಿಯೇ ಮಾತಾಡಿಸಿದಳು, ಆದರೆ ಕೆಳಗಿನ ಸುತ್ತಿಗೆ ನಾಲ್ಕು ಇಂಚು ಸೇರಿಸಿ ಪಟ್ಟಿ ಹೇಳುವ ಹಳೇ ಪಾಠ ಅವಳದ್ದು. 38ಕ್ಕೆ ನಾಲ್ಕು ಸೇರಿದರೆ ಮತ್ತೆ ಅದೇ 42, ಎರಡಿಂಚು ವ್ಯತ್ಯಾಸ, ಮತ್ತೆ ಅದೇ ಬಿ! ಇಲಾಸ್ಟಿಕ್ ಇಲ್ಲದ ಕಾಲದ ಬಟ್ಟೆಗೆ ಆ ಲೆಕ್ಕ ಸರಿ ಇದ್ದಿರಬಹುದು. ಈಗಿನ ಪಟ್ಟಿ ಎಳೆದರೆ ಬರುತ್ತದೆ, ಅದಕ್ಕೆ ಯಾಕೆ ಸೇರಿಸಬೇಕು?

ಕೊನೆಗೆ ಫೋನಿನಲ್ಲೇ ತರಿಸಿದೆ. ಬೆಂಗಳೂರಿನಲ್ಲಿ 2011ರಲ್ಲಿ ಒಳಉಡುಪು ಮಾರುವ ಜಿವಾಮೆ ಶುರುವಾದ ಮೇಲೆ ಇಂಥ ಆನ್‌ಲೈನ್ ಅಂಗಡಿಗಳು ಬೇಕಾದಷ್ಟು ಬಂದಿವೆ. ನಮ್ಮ ಕಾಸರಗೋಡು ಕಡೆಯ, 671ರಿಂದ ಶುರುವಾಗುವ ಪಿನ್ ಹಾಕಿದರೂ ಪಾರ್ಸೆಲ್ ಬರುತ್ತದೆ. ಒಂದೇ ಮಾಡೆಲಿನ 38 ಇ ಮತ್ತು 40 ಡಿಡಿ ಎರಡನ್ನೂ ತರಿಸಿದೆ, ಒಂದನ್ನು ವಾಪಸ್ ಕಳಿಸುವ ಉದ್ದೇಶದಿಂದಲೇ. ಅಮ್ಮ ಬಿಲ್ಲು ನೋಡಿ “ಒಳ ಹಾಕುವದಕ್ಕೆ ಇಷ್ಟು ಪೈಸೆಯೋ?” ಅಂದಳು. 1,299 ರೂಪಾಯಿ. ಮೇಲೆ ಕಾಣುವ ಸೀರೆಗೆ ಇದರ ಐದು ಪಟ್ಟು ಕೊಟ್ಟಾಗ ಸುಮ್ಮನಿದ್ದಳು.

ಹಾಕುವ ಕ್ರಮವೂ ಉಂಟು. ಹೊಸದನ್ನು ಅತ್ಯಂತ ಸಡಿಲದ ಕೊಂಡಿಗೆ ಹಾಕಬೇಕು; ಇಲಾಸ್ಟಿಕ್ ಸವೆದ ಹಾಗೆ ಒಳಗಿನ ಕೊಂಡಿಗಳು ಉಪಯೋಗಕ್ಕೆ ಬರುತ್ತವೆ. ಸ್ವಲ್ಪ ಬಗ್ಗಿ, ಕಂಕುಳ ಕಡೆಗೆ ಸರಿದದ್ದನ್ನೆಲ್ಲ ಕೈಯಿಂದ ಕಪ್ಪಿನ ಒಳಗೆ ತಂದುಕೊಳ್ಳಬೇಕು. ಹೀಗೆ ಮಾಡಿದ ಮೇಲೆ 40 ಡಿಡಿಯ ಕಪ್ಪು ಸರಿಯಾಗಿ ಕೂತಿತು, ಆದರೆ ಕೈ ಎತ್ತಿದರೆ ಪಟ್ಟಿ ಜಾರಿ ಮೇಲೆ ಬಂತು. 38 ಇ ಅಲ್ಲಾಡಲಿಲ್ಲ. ಕಪ್ಪಿನ ಅಡಿಯ ತಂತಿ ಕಂಕುಳ ಹತ್ತಿರ ಮೆದುವಾದದ್ದನ್ನು ಚುಚ್ಚದೆ ಪಕ್ಕೆಯ ಮೇಲೆ ಕೂತಿತು, ನಡುವಿನ ತುಂಡು ಎದೆಮೂಳೆಗೆ ತಾಗಿತು. ನನಗೆ ಅದು ಅಲ್ಲಿ ತಾಗುತ್ತದೆ ಅಂತಲೇ ಗೊತ್ತಿರಲಿಲ್ಲ. ಮೊದಲ ದಿವಸ ಬಿಗಿ ಅನ್ನಿಸಿತು, ಎರಡು ವಾರದಲ್ಲಿ ಮರೆತೇ ಹೋಯಿತು. 40ನ್ನು ಕಳಿಸಿಕೊಟ್ಟೆ. ತೆಗೆದುಕೊಂಡು ಹೋಗಲು ಬಂದ ಹುಡುಗ ಮಲಯಾಳದಲ್ಲಿ ಕಾರಣ ಕೇಳಿದ, ಸೈಸ್ ಅಂದೆ, ಟಿಕ್ ಹಾಕಿದ, ಹೋದ. ಎಷ್ಟು ಸುಲಭ!

ಈ ಸೆಕೆಯಲ್ಲಿ ಇನ್ನೊಂದು ಲಾಭ ಗೊತ್ತಾಗಿದೆ. ಎದೆಯ ಕೆಳಗೆ ಚರ್ಮಕ್ಕೆ ಚರ್ಮ ತಾಗಿ, ಬೆವರು ನಿಂತು, ಪ್ರತಿ ಏಪ್ರಿಲ್‌ನಲ್ಲಿ ಕೆಂಪಾಗಿ ಉರಿಯುತ್ತಿತ್ತು. ಪೌಡರು ಸುರಿದರೆ ಅದು ಬೆವರಿಗೆ ಮುದ್ದೆಯಾಗುತ್ತದೆ, ಬೇರೇನಿಲ್ಲ. ಅಲ್ಲಿ ಶಿಲೀಂಧ್ರ ಬೆಳೆದರೆ ಡಾಕ್ಟರರ ಮುಲಾಮೇ ಬೇಕು, ಅದು ನನಗೂ ಬೇಕಾಗಿತ್ತು. ಸರಿಯಾಗಿ ಎತ್ತಿ ಹಿಡಿಯುವ ಬ್ರಾ ಇದ್ದರೆ ಆ ಮಡಿಕೆಗೆ ಗಾಳಿಯಾಡುತ್ತದೆ. ಈ ಸಲ ಉರಿ ಇಲ್ಲ.

ಮಳೆ ಹಿಡಿದ ಮೇಲೆ ಒಣಗಿಸುವ ತಾಪತ್ರಯ ಶುರು. ನಮ್ಮ ಮನೆಯ ಪದ್ಧತಿ ಎರಡು: ಟವೆಲಿನ ಅಡಿಯಲ್ಲಿ ಅಡಗಿಸಿ ಹಾಕುವುದು, ಅಥವಾ ಬಚ್ಚಲಿನ ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದು. ಟವೆಲಿನ ಅಡಿಯದ್ದು ಜೂನ್‌ನಲ್ಲಿ ಮೂರು ದಿವಸವಾದರೂ ಒಣಗದೆ ವಾಸನೆ ಬರುತ್ತದೆ. ಒಲೆಯ ಬಿಸಿಗೆ ಇಲಾಸ್ಟಿಕ್ ಸತ್ತು ಹೋಗುತ್ತದೆ, 1,299 ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ. ನಾನು ಕೋಣೆಯಲ್ಲಿ ಫ್ಯಾನಿನ ಕೆಳಗೆ, ನಡುವಿನ ತುಂಡು ಹಗ್ಗದ ಮೇಲೆ ಬರುವ ಹಾಗೆ ಮಡಿಸಿ ಹಾಕುತ್ತೇನೆ. ಸ್ಟ್ರಾಪಿನಲ್ಲಿ ನೇತುಹಾಕಿದರೆ ನೀರಿನ ಭಾರಕ್ಕೆ ಅದು ಉದ್ದವಾಗುತ್ತದೆ. ಅಮ್ಮನಿಗೆ ಕೋಣೆಯಲ್ಲಿ ಹಗ್ಗ ಕಟ್ಟಿದ್ದೇ ಸಮಾಧಾನವಿಲ್ಲ, “ಆರಾದರೂ ಬಂದರೆ?” ಅನ್ನುತ್ತಾಳೆ. ಬಂದವರು ಚಾವಡಿಯಲ್ಲಿ ಕೂರಲಿ.

ಒಂದರ ಮೇಲೆ ಮಳೆಗಾಲ ಕಳೆಯಲು ಆಗದು, ಕಡಿಮೆ ಅಂದರೆ ಮೂರು ಬೇಕು. ಸ್ಪಾಂಜ್ ಇರುವುದು ಬೇಡ, ತೆಳು ಬಟ್ಟೆಯದ್ದಾದರೆ ಬೇಗ ಒಣಗುತ್ತದೆ. ಮದುವೆಯ ಬ್ಲೌಸು ತೆಳು ಕೆನೆ ಬಣ್ಣದ್ದು, ಕರಿ ಬಣ್ಣದ ಬ್ರಾ ಹಾಕಿದರೆ ಎದ್ದು ಕಾಣುತ್ತದೆ. ಮೈಬಣ್ಣದ್ದು ರಾತ್ರಿ ಹುಡುಕಿದರೆ 38 ಇ ಖಾಲಿ, 40 ಡಿಡಿ ಉಂಟು. ಟೈಲರಕ್ಕನ ಹತ್ತಿರ ಪಟ್ಟಿ ಎರಡಿಂಚು ಚಿಕ್ಕದು ಮಾಡಿಸಲು ಆಗುತ್ತದಾ ಅಂತ ಸೋಮವಾರ ಕೇಳಬೇಕು.