ನನ್ನ ಖರೆ ಭಾಷೆ ಯಾವುದು ಅಂತ ಕೇಳುವವರಿಗೆ

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಇದು: "ಸಿಸ್ಟರ್, ನೀವು ಒಬ್ಬೊಬ್ಬರ ಹತ್ರ ಒಂದೊಂದು ಥರ ಮಾತಾಡ್ತೀರಿ. ನಿಮ್ಮ ಖರೆ ಭಾಷೆ ಯಾವುದು?"

'ಖರೆ' ಅಂದರೆ ನಮ್ಮ ಕಡೆ ನಿಜ. ನನ್ನ ಮನೆಮಾತು ಕನ್ನಡ. ಹುಟ್ಟಿದ್ದು ಆಳಂದ ಕಡೆಯ ಹಳ್ಳಿಯಲ್ಲಿ. ಉತ್ತರ ಮುಗಿಯಿತು. ಆದರೆ ಕೇಳಿದವರು ಅಷ್ಟಕ್ಕೆ ಬಿಡುವುದಿಲ್ಲ. "ಅಲ್ರಿ, ಉರ್ದು ಅಷ್ಟು ಚಲೋ ಮಾತಾಡ್ತೀರಲ್ಲ?" ಅನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ನನ್ನ ಕೊರಳು, ಹಣೆ, ಕೈ ನೋಡುತ್ತಾರೆ. ಆಗ ನನಗೆ ಗೊತ್ತಾಗುತ್ತದೆ, ಅವರು ಕೇಳಬೇಕೆಂದಿರುವುದು ಭಾಷೆಯನ್ನಲ್ಲ. "ನೀವು ಯಾವ ಮಂದಿ?" ಅಂತ ನೇರವಾಗಿ ಕೇಳಲು ನಾಚಿಕೆ. ಅದಕ್ಕೆ ಭಾಷೆಯ ಬಾಗಿಲಿನಿಂದ ಒಳಗೆ ಬರುತ್ತಾರೆ. ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ನಿಮ್ಮ ತೋಳಿನ ನರ ಹುಡುಕಲು ನನ್ನ ಜಾತಿ ಬೇಕಾಗಿಲ್ಲ.

ಕಲಬುರಗಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ 19 ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ನಾನು ನರ್ಸ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಆದರೆ ಇಲ್ಲಿ ಬಿಳಿ ಕೋಟು ಹಾಕಿದ ಹೆಂಗಸರೆಲ್ಲ ಸಿಸ್ಟರೇ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು 'ಖರೆ' ಅನ್ನುವ ಮಾತಿಗೆ. ಒಂದು ಖರೆ ಅಂದ ಮೇಲೆ ಉಳಿದವೆಲ್ಲ ಸುಳ್ಳು ಅಂತಾಯ್ತು, ಅಲ್ವಾ? ಹೋದ ವರ್ಷ ಮದುವೆಯೊಂದರಲ್ಲಿ ನಮ್ಮ ಕಾಕಾನ ಮಗ ಎಲ್ಲರ ಎದುರಿಗೆ ಹೇಳಿದ, "ಈಕಿ ಗೋಸುಂಬಿ ಇದ್ದಂಗ, ಎದುರಿಗಿದ್ದವರನ್ನ ನೋಡಿ ಬಣ್ಣ ಬದಲ ಮಾಡ್ತಾಳ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಎದ್ದೆ.

ಅವನು ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಲ್ಯಾಬಿನ ಬೆಂಚಿನ ಮೇಲೆ ಬಂದು ಕೂತು ನೋಡಲಿ. ಸೇಡಂ, ಚಿಂಚೋಳಿ ಕಡೆಯಿಂದ ಬಂದವರಲ್ಲಿ ಅರ್ಧ ಮಂದಿ ತೆಲುಗು ಬೆರೆಸುತ್ತಾರೆ. ಬಸವಕಲ್ಯಾಣ, ಭಾಲ್ಕಿ ಕಡೆಯವರ ಬಾಯಲ್ಲಿ ಮರಾಠಿ. ದರ್ಗಾ ಕಡೆಯ ಗಲ್ಲಿಗಳಿಂದ ಬರುವ ಚಾಚಾ, ಆಪಾಗಳದು ದಖನಿ, ಅಂದ್ರೆ ಈ ಕಡೆಯ ಉರ್ದು. ಲಂಬಾಣಿ ತಾಂಡಾದಿಂದ ಬಂದ ಮುದುಕಿಯರಿಗೆ ಮನೆಯ ಮಾತು ಬಿಟ್ಟರೆ ಬೇರೆ ಕಷ್ಟ. ಅವರಿಗೆ "ಯಾಡಿ" ಅಂತೀನಿ, ಅಂದ್ರೆ ತಾಯಿ. ಅವರ ಭಾಷೆಯಲ್ಲಿ ನನಗೆ ಬರುವುದು ಹೆಚ್ಚುಕಮ್ಮಿ ಅಷ್ಟೇ. ಉಳಿದದ್ದನ್ನು ಕೈಯಲ್ಲಿ ತೋರಿಸುತ್ತೇನೆ. ಸೂಜಿ ಹಿಡಿದು ನಿಂತಾಗ ಹೇಳುವುದು ಒಂದೇ ಮಾತು. ಒಬ್ಬರಿಗೆ "ಅಂಜಬ್ಯಾಡ", ಇನ್ನೊಬ್ಬರಿಗೆ "ಡರೋ ನಕ್ಕೋ", ಮತ್ತೊಬ್ಬರಿಗೆ "ಘಾಬರೂ ನಕಾ", "ಭಯಪಡಕು". ಇದರಲ್ಲಿ ಯಾವುದು ಸುಳ್ಳು?

ಇದನ್ನು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಈ ಭಾಗ ನಿಜಾಮನ ಹೈದರಾಬಾದ್ ರಾಜ್ಯದಲ್ಲಿತ್ತು. ಸರಕಾರಿ ಭಾಷೆ ಉರ್ದು. ನಮ್ಮ ಮುತ್ಯಾ, ಅಂದ್ರೆ ಅಜ್ಜ, ಸಾಲಿ ಕಲಿತದ್ದೇ ಉರ್ದುವಿನಲ್ಲಿ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆಮೇಲೂ ಅವರು ಹೊಲದ ಲೆಕ್ಕವನ್ನು ಸಾಯುವ ತನಕ ಉರ್ದು ಅಕ್ಷರದಲ್ಲೇ ಬರೆದರು. ಸಂಜೆ ದೀಪ ಹಚ್ಚಿದ ಮೇಲೆ ವಚನ ಹೇಳುತ್ತಿದ್ದುದು ಕನ್ನಡದಲ್ಲಿ. ಸೊಲ್ಲಾಪುರದ ವ್ಯಾಪಾರಿ ಬಂದರೆ ಮರಾಠಿ. ಅವರನ್ನು ಯಾರೂ "ನಿಮ್ಮ ಖರೆ ಭಾಷೆ ಯಾವುದು" ಅಂತ ಕೇಳಲಿಲ್ಲ.

ಭಾಷೆಗಳೇ ಇಲ್ಲಿ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ನಿಂತಿವೆ. ನಮ್ಮೂರ ದಖನಿಯಲ್ಲಿ "ಕಲ್ ಆತೂಂ ಬೋಲ್ಕೆ ಬೋಲ್ಯಾ" ಅಂತಾರೆ. 'ನಾಳೆ ಬರ್ತೀನಿ ಅಂತ ಹೇಳಿದ'. ಆ 'ಬೋಲ್ಕೆ' ನಮ್ಮ 'ಅಂತ' ಇದ್ದ ಹಾಗೇ ಕೂತಿದೆ. 'ನಕ್ಕೋ' ಬಂದದ್ದು ಮರಾಠಿಯ 'ನಕೋ'ದಿಂದ. ನಮ್ಮ ಕನ್ನಡದ 'ಖರೆ' ಕೂಡ ಮರಾಠಿಯ 'ಖರೇ'ನೇ. ನೀವು ನನ್ನ ಖರೆ ಭಾಷೆ ಕೇಳುವಾಗಲೇ ಎರಡು ಭಾಷೆ ಆಡಿದ್ದೀರಿ.

ಇಲ್ಲೇ ಇನ್ನೊಂದು ಥರದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. "ನಿಮ್ಮ ಕಡೆಯವರು ಶುದ್ಧ ಕನ್ನಡ ಯಾಕೆ ಮಾತಾಡಲ್ಲ?" ಕಲಬುರಗಿಯಿಂದ ಬಸ್ಸಿನಲ್ಲಿ ಸೇಡಂ ಕಡೆಗೆ ಹೋದರೆ ಕಾಗಿಣಾ ನದಿಯ ದಂಡೆಗೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ 9ನೇ ಶತಮಾನದಲ್ಲಿ ಹುಟ್ಟಿದ್ದು ಆ ಆಸ್ಥಾನದಲ್ಲಿ. ಅದರಲ್ಲೇ 'ಕನ್ನಡಂಗಳು' ಅಂತ ಹಲವು ಕನ್ನಡಗಳ ಮಾತಿದೆ. ಊರೂರಿನ ಆಡುಮಾತು ಬೇರೆ ಬೇರೆ, ಅದನ್ನೆಲ್ಲ ತಿಳಿಯಲು ಹೋದರೆ ವಾಸುಕಿಗೂ ಬೇಸರ ಬಂದೀತು ಅಂತ ಬರೆದಿದ್ದಾರೆ. ಸಾವಿರದ ನೂರು ವರ್ಷಕ್ಕೂ ಹಿಂದೆ, ನಮ್ಮ ಜಿಲ್ಲೆಯಲ್ಲೇ ಗೊತ್ತಿದ್ದ ವಿಷಯ ಇದು.

ಶುದ್ಧ ಕನ್ನಡ ನನಗೂ ಬರುತ್ತದೆ. ಅದಕ್ಕೂ ಒಂದು ಕತೆ ಇದೆ. ಕೋರ್ಸ್ ಮುಗಿಸಿ ಮೂರು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದೆ. ಮೊದಲ ವಾರವೇ ಒಬ್ಬ ವಯಸ್ಸಾದ ಹೆಂಗಸಿಗೆ, "ಯವ್ವಾ, ನೀ ಇಲ್ಲಿ ಕೂಡು, ಕೈ ಕೊಡು" ಅಂದೆ. ಸಂಜೆ ನನ್ನ ಮೇಲೆ ದೂರು ಬಂತು. ಏಕವಚನದಲ್ಲಿ ಮಾತಾಡಿಸಿದಳು ಅಂತ. ನನಗೆ ಅಳು ಬಂತು. ನಮ್ಮಲ್ಲಿ ಅವ್ವನಿಗೆ, ಆಯಿಗೆ (ಅಜ್ಜಿಗೆ), ದೇವರಿಗೆ 'ನೀ' ಅಂತೀವಿ. ಹತ್ತಿರದವರು ಅಂತ 'ನೀ'. ಪರಿಚಯ ಇಲ್ಲದವರಿಗೆ 'ರೀ'. ನಾನು ಆ ತಾಯಿಗೆ ಕೊಟ್ಟಿದ್ದು ನನ್ನ ಕಡೆಯ ದೊಡ್ಡ ಗೌರವ. ಆಕೆಗೆ ಮುಟ್ಟಿದ್ದು ಅವಮಾನ. ತಪ್ಪು ಆಕೆಯದಲ್ಲ. ಅವರ ಊರಿನಲ್ಲಿ 'ನೀವು' ಅನ್ನುವುದೇ ಪ್ರೀತಿ. ಕಲಿತೆ. "ಕೂತ್ಕೊಳ್ಳಿ ಅಮ್ಮ, ಸ್ವಲ್ಪ ಕೈ ಚಾಚ್ತೀರಾ?" ಮೂರು ವರ್ಷದಲ್ಲಿ ನಾಲಿಗೆ ಪೂರ್ತಿ ಪಳಗಿತು.

ಆ ಪಳಗಿದ ನಾಲಿಗೆ ತೊಗೊಂಡು ಕಲಬುರಗಿಗೆ ವಾಪಸ್ ಬಂದೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ "ಕೂತ್ಕೊಳ್ಳಿ" ಅಂದೆ. ಅವರು ಸೆರಗು ಸರಿ ಮಾಡಿಕೊಂಡು ಬೆಂಚಿನ ತುದಿಯಲ್ಲಿ ಕೂತರು. ನಾನು ಹೇಳಿದ್ದಕ್ಕೆಲ್ಲ "ಹೂಂ" ಅಂದರು. ಹೂಂ, ಹೂಂ, ಹೂಂ. ಎಲ್ಲ ತಿಳಿಯಿತು ಅಂದುಕೊಂಡೆ. ಆ ಹೂಂ ಅಂದರೆ ತಿಳಿಯಿತು ಅಂತಲ್ಲ, ದೊಡ್ಡ ಮಂದಿಯ ಎದುರು ಮತ್ತೆ ಕೇಳಬಾರದು ಅಂತ. ಇದು ನನಗೆ ಗೊತ್ತಾಗಲು ಸಾಬೂದಾಣಿ, ಅಂದ್ರೆ ಸಬ್ಬಕ್ಕಿ, ಬೇಕಾಯಿತು.

ಚಿಂಚೋಳಿ ಕಡೆಯ ಆಯಿ ಒಬ್ಬಳು. ಸಕ್ಕರೆ ಕಾಯಿಲೆ. ಫಾಸ್ಟಿಂಗ್ ಶುಗರ್ ನೋಡಬೇಕಿತ್ತು. ಎಂಟು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಚೀಟಿ ಕೊಡುವಾಗ "ಉಪವಾಸ ಬನ್ನಿ" ಅಂದಿದ್ದೆ. ಬಂದಳು. ರಕ್ತ ತೆಗೆದೆ, ಬೂದು ಮುಚ್ಚಳದ ಟ್ಯೂಬಿಗೆ ಹಾಕಿದೆ. ಸಕ್ಕರೆ ಬಹಳ ಜಾಸ್ತಿ ಬಂತು. ಡಾಕ್ಟರು ಗುಳಿಗೆ ಹೆಚ್ಚು ಮಾಡಿದರು. ತಿಂಗಳ ಮೇಲೆ ಮತ್ತೆ ಬಂದಾಗ ಆಕೆಯ ಮುಖ ಇಳಿದಿತ್ತು. "ಹೊಲದಾಗ ಚಕ್ಕರ್ ಬಂದು ಬಿದ್ದೆ ಯವ್ವಾ, ಮೈಯೆಲ್ಲ ಬೆವರು" ಅಂದಳು. ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಾ, ಸುಮ್ನೆ ಕೇಳಿದೆ, "ಮುಂಜಾನಿಂದ ಏನೂ ತಿಂದಿಲ್ಲ ಹೌದಿಲ್ಲೋ?"

"ಏನೂ ತಿಂದಿಲ್ಲ. ಸಾಬೂದಾಣಿ ಅಷ್ಟ."

ನನ್ನ ಕೈ ನಿಂತಿತು. "ಉಪವಾಸ ಬಾ ಅಂದಿದ್ದೆನಲ್ಲ ಆಯಿ!" ಅಂತ ಜೋರಾಗಿ ಅಂದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆಕೆಗೆ ಸಿಟ್ಟು ಬರಲಿಲ್ಲ, ನನ್ನ ಬಗ್ಗೆ ಆಶ್ಚರ್ಯ ಆಯಿತು. "ಉಪವಾಸ್ಕ ಸಾಬೂದಾಣಿ ತಿನ್ನದೆ ಮತ್ತೇನ್ ತಿಂತಾರ ಮಗಾ?"

ಆಕೆ ಹೇಳಿದ್ದು ಸರಿ. ಏಕಾದಶಿಗೆ, ಶಿವರಾತ್ರಿಗೆ ನಮ್ಮ ಮನೆಯಲ್ಲೂ ಶೇಂಗಾ ಪುಡಿ ಹಾಕಿದ ಸಾಬೂದಾಣಿ ಖಿಚಡಿ ಮಾಡುತ್ತಾರೆ. ಬಾಳೆಹಣ್ಣು, ಹಾಲು, ಚಾ ಎಲ್ಲ ನಡೆಯುತ್ತದೆ. ರೊಟ್ಟಿ, ಅನ್ನ ಇಲ್ಲದಿದ್ದರೆ ಅದು ಉಪವಾಸ. ಆಕೆ ನಾನು ಹೇಳಿದ್ದನ್ನು ಭಕ್ತಿಯಿಂದ ಪಾಲಿಸಿದ್ದಳು. ನಾನು ಅದೇ ಮಾತಿನಲ್ಲಿ ಬೆಳೆದವಳು, ಬೆಂಗಳೂರಿನಿಂದ ಬಂದು ಅದರ ಅರ್ಥ ಮರೆತಿದ್ದೆ. ತಿಂದು ಬಂದವಳ ರಕ್ತಕ್ಕೆ ಖಾಲಿ ಹೊಟ್ಟೆಯ ಲೆಕ್ಕ ಹಿಡಿದರೆ ಗುಳಿಗೆ ಜಾಸ್ತಿ ಆಗುತ್ತದೆ. ಗುಳಿಗೆ ಜಾಸ್ತಿ ಆದರೆ ಬಿಸಿಲಲ್ಲಿ ಕಳೆ ಕೀಳುವ ಮುದುಕಿಯ ಸಕ್ಕರೆ ಇಳಿಯುತ್ತದೆ, ಬೀಳುತ್ತಾಳೆ. ಡಾಕ್ಟರ ಹತ್ತಿರ ನಾನೇ ಓಡಿ ಹೋಗಿ ಹೇಳಿದೆ. ಅವರು ಆಕೆಯ ಚೀಟಿ ತೆಗೆದುಕೊಂಡು ಮತ್ತೆ ಬರೆದರು. ಮಧ್ಯಾಹ್ನದ ಊಟಕ್ಕೆ ನನಗೆ ಬಾಯಿ ರುಚಿಸಲಿಲ್ಲ.

ಇದರಿಂದ ಪೂರ್ತಿ ಬುದ್ಧಿ ಬಂತು ಅಂದುಕೊಳ್ಳಬೇಡಿ. ಕೆಲವು ತಿಂಗಳ ಮೇಲೆ ಒಬ್ಬ ಚಾಚಾನಿಗೆ, "ಕಲ್ ರೋಜೇ ಮೇ ರಹತೆ ವೈಸಾಚ್ ಆನಾ ಚಾಚಾ" ಅಂದೆ, ನಾಳೆ ರೋಜಾದಲ್ಲಿ ಇರುವ ಹಾಗೇ ಬಾ ಅಂತ. ಉಪವಾಸಕ್ಕಿಂತ ರೋಜಾ ಗಟ್ಟಿ ಮಾತು, ಇದರಲ್ಲಿ ಸಾಬೂದಾಣಿ ಬರುವುದಿಲ್ಲ ಅಂತ ನನ್ನ ಲೆಕ್ಕ. ಮೇ ತಿಂಗಳ ಬಿಸಿಲು. ಮರುದಿನ ಅವರು ಬಂದರು, ತುಟಿ ಒಣಗಿತ್ತು. ನರ ಒಳಗೆ ಹೋಗಿ ಕೂತಿತ್ತು, ಬೆರಳಿಗೆ ಸಿಗುತ್ತಲೇ ಇಲ್ಲ. ಎರಡು ಸಲ ಚುಚ್ಚಿದೆ. ನೀರು ಕುಡಿದಿಲ್ಲವಾ ಅಂತ ಕೇಳಿದರೆ, "ರೋಜೇ ಮೇ ಪಾನೀ ಪೀತೇ ಕ್ಯಾ ಬೇಟಾ?" ಅಂದರು. ಸರಿ, ಹೊಟ್ಟೆಯಾದರೂ ಖಾಲಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅವರು ಮುಂದುವರಿಸಿದರು: ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಹರಿ ಮಾಡಿದ್ದಾರೆ. ರೊಟ್ಟಿ, ಸಾಲನ್, ಮೇಲೆ ಖಜೂರ. ರೋಜಾ ಅಂದ ಮೇಲೆ ಸಹರಿ ಬೇಡವೇ? ಕುಡಿಯಬಹುದಾದ ನೀರು ಕುಡಿದಿಲ್ಲ, ತಿನ್ನಬಾರದ ಊಟ ತಿಂದಿದ್ದಾರೆ. ನನ್ನ ಒಂದೇ ಮಾತಿನಿಂದ. ಆವತ್ತು ನಾವಿಬ್ಬರೂ ನಕ್ಕೆವು, ನಾನು ಅವರಿಗೆ ನೀರು ತಂದುಕೊಟ್ಟೆ. ಅವರೇ ಸರಿಯಾದ ಮಾತು ಕಲಿಸಿದರು: "ನಿಹಾರ್ ಮುಂಹ್ ಬೋಲೋ." ಬೆಳಿಗ್ಗೆ ಎದ್ದು ಬಾಯಿಗೆ ಏನೂ ಹಾಕದೆ ಇರುವುದು.

ಆಮೇಲೆ ಒಬ್ಬೊಬ್ಬರನ್ನೇ ಕೇಳಿ ಕೂಡಿಸಿಟ್ಟುಕೊಂಡೆ. ತೆಲುಗಿನವರಿಗೆ 'ಪರಗಡುಪು' ಅಂದರೆ ಸಾಕು, ಬೇರೆ ವಿವರಣೆ ಬೇಡ. ಮರಾಠಿಯವರಿಗೆ 'ಉಪಾಶೀ ಪೋಟೀ'. ಉಪವಾಸದ ಮೂಲವೇ ಆದರೂ ಅವರು ಆ ಮಾತಿಗೆ ಖಿಚಡಿ ಮಾಡುವುದಿಲ್ಲ. ನೋಡಿ, ಒಂದೇ ಬೇರಿನ ಮಾತು ಇಲ್ಲಿಂದ ಆಳಂದ ದಾಟಿ ಮರಾಠಿ ಸೀಮೆ ಮುಟ್ಟುವಷ್ಟರಲ್ಲಿ ಊಟ ಬಿಡಿಸುತ್ತದೆ, ಇಲ್ಲಿ ಊಟ ಹಾಕುತ್ತದೆ. 'ಆಯಿ' ಕೂಡ ಹಾಗೇ. ನಮ್ಮಲ್ಲಿ ಅಜ್ಜಿ, ಮರಾಠಿಯಲ್ಲಿ ತಾಯಿ. "ಆಯಿಯ ರಿಪೋರ್ಟ್ ಎಲ್ಲಿ" ಅಂತ ಕೇಳಿದರೆ ಈಗಲೂ ಯಾರ ಆಯಿ ಅಂತ ಎರಡನೇ ಸಲ ಕೇಳಿಯೇ ಕೊಡುತ್ತೇನೆ.

ನನಗೆ ಜನ ಕೇಳಬೇಕಾಗಿದ್ದ ಪ್ರಶ್ನೆ ಬೇರೆ. "ನೀನು ಹೇಳಿದ್ದು ಅವರಿಗೆ ತಿಳಿದಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತದೆ?" 19 ವರ್ಷದಲ್ಲಿ ಇದನ್ನು ಒಬ್ಬರೂ ಕೇಳಿಲ್ಲ. ನಮ್ಮಲ್ಲಿ ತರಬೇತಿಗೆ ಬರುವ ಮಕ್ಕಳೂ ಕೇಳುವುದಿಲ್ಲ. ಅವರು ನನ್ನ ಹಿಂದೆ ನಿಂತು ಉರ್ದು ಮಾತು, ತೆಲುಗು ಮಾತು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ. ಮಾತು ಕಲಿಯುವುದು ಸುಲಭ. "ತಿಳೀತಾ?" ಅಂತ ಕೇಳಿ ಹೂಂ ಅನ್ನಿಸಿಕೊಳ್ಳುವುದು ಇನ್ನೂ ಸುಲಭ. ನಾನು ಈಗ 'ತಿಳೀತಾ' ಅನ್ನುವುದನ್ನೇ ಬಿಟ್ಟಿದ್ದೇನೆ. "ಮನೀಗಿ ಹೋಗಿ ಸೊಸೀಗಿ ಏನಂತ ಹೇಳ್ತಿ?" ಅಂತ ಕೇಳುತ್ತೇನೆ. ಆಗ ಅವರು ತಮ್ಮ ಮಾತಿನಲ್ಲಿ ಹೇಳುತ್ತಾರೆ. ನಾನು ಹೇಳಿದ್ದರಲ್ಲಿ ಎಷ್ಟು ಮುಟ್ಟಿದೆ, ಎಷ್ಟು ದಾರಿಯಲ್ಲಿ ಬಿದ್ದಿದೆ ಅಂತ ಅಲ್ಲೇ ಕಾಣುತ್ತದೆ. ಚಾ ಕುಡಿದರೆ ನಡೀತದಾ, ತಂಬಾಕು ಹಾಕಿದರೆ ನಡೀತದಾ, ಎಲ್ಲ ಆಗ ಹೊರಗೆ ಬರುತ್ತದೆ. ಒಬ್ಬರಿಗೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಂದಿನ ಸಾಲಿನವರು ಬೈಯುತ್ತಾರೆ. ಬೈಯಲಿ.

ಇದನ್ನು ಕಲಿಸಿದ್ದು ಆ ಸಾಬೂದಾಣಿ ಆಯಿಯೇ. ಆವತ್ತು ಡಾಕ್ಟರ ಹತ್ತಿರದಿಂದ ವಾಪಸ್ ಬಂದ ಮೇಲೆ ಆಕೆಯ ಪಕ್ಕ ಕೂತು ಹೇಳಿದೆ. ಸಾಬೂದಾಣಿ ಬ್ಯಾಡ, ಬಾಳೆಹಣ್ಣು ಬ್ಯಾಡ, ಚಾ ಬ್ಯಾಡ, ಬರೇ ನೀರು. ಆಕೆ ಹೂಂ ಅನ್ನಲಿಲ್ಲ. "ಅಂದ್ರ ಮಲಗಿ ಎದ್ದ ಬಾಯಿಲೇ ಬರಬೇಕನು?" ಅಂತ ಕೇಳಿದಳು. ಹೌದು ಆಯಿ, ಅದೇ. ಆ ಮಾತನ್ನು ಅಲ್ಲೇ ಎತ್ತಿಟ್ಟುಕೊಂಡೆ. ಇವತ್ತಿಗೂ ಹಳ್ಳಿಯಿಂದ ಬಂದವರಿಗೆ "ಎದ್ದ ಬಾಯಿಲೇ ಬರ್ರಿ" ಅಂತಲೇ ಹೇಳುತ್ತೇನೆ.

ಆ ರಾತ್ರಿ ಆಕೆ ಊರಿಗೆ ಹೋಗಲಿಲ್ಲ, ಇಲ್ಲೇ ತಂಗಿಯ ಮನೆಯಲ್ಲಿ ಉಳಿದಳು. ಬಾಗಿಲ ಹತ್ತಿರ ನಿಂತು ತಂಗಿಗೆ ಫೋನ್ ಮಾಡಿದಳು. ಗಟ್ಟಿ ದನಿ, ಲ್ಯಾಬಿಗೆಲ್ಲ ಕೇಳಿಸಿತು. "ನಾಳಿ ಮುಂಜಾನಿ ನನಗ ಏನೂ ಮಾಡಬ್ಯಾಡ. ಈ ಹುಡುಗಿ ಹೇಳೋ ಉಪವಾಸ ದೇವರ ಉಪವಾಸ ಅಲ್ಲ. ಖರೇ ಉಪವಾಸ."

ಮರುದಿನ ಏಳಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಒಂದೇ ಚುಚ್ಚಿಗೆ ನರ ಸಿಕ್ಕಿತು. ಹತ್ತಿ ಒತ್ತಿ ಹಿಡಿಯುವಾಗ, ಸೆರಗಿನ ಗಂಟು ಬಿಚ್ಚಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ ತೋರಿಸಿದಳು. "ಈಗ ತಿನ್ನಲೇನು?"