ಉಪ್ಪಿಗೊಂದು ಜಾಗ, ಈರುಳ್ಳಿಗೊಂದು ಸಲಾಕೆ

ನಮ್ಮ ಕುಮಟಾ ಕಡೆ ಅಡುಗೆಮನೆ ಸಾಮಾನು ಅಂದರೆ ಮಳೆಗಾಲದ ಸಾಮಾನು. ಮೇ ತಿಂಗಳು ಮುಗಿಯುವುದರೊಳಗೆ ಕುಚ್ಚಲಕ್ಕಿ, ಮುರುಗಲು (ಕೋಕಂ) ಸಿಪ್ಪೆ, ಕಲ್ಲುಪ್ಪು, ಈರುಳ್ಳಿ ಗೊಂಚಲು, ಹಪ್ಪಳ, ಒಣಮೀನು, ಮಿಡಿ ಉಪ್ಪಿನಕಾಯಿ ಎಲ್ಲ ಮನೆ ಸೇರಬೇಕು. ಆಮೇಲೆ ನಾಲ್ಕು ತಿಂಗಳು ಅವನ್ನು ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ. ಈ ಬೇಸಿಗೆಯಲ್ಲಿ ಅಡುಗೆಮನೆ ಒಡೆದು ಹೊಸದಾಗಿ ಮಾಡಿಸಿದೆವು. ಆಗ ನಾನು ಹಿಡಿದ ಹಟ ಒಂದೇ. ಚಂದ ಆಮೇಲೆ ನೋಡೋಣ, ಜುಲೈ ತಿಂಗಳಲ್ಲಿ ಇದು ಹೇಗಿರುತ್ತದೆ ಅನ್ನುವುದು ಮೊದಲು.

ಒಂದು ಶೋರೂಮ್‌ನವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದರು. ಬಣ್ಣ ಚಂದ ಇತ್ತು. ಒಳಗಿನ ಹಲಗೆ ಯಾವುದು ಅಂತ ಕೇಳಿದರೆ ಎಂಡಿಎಫ್ ಅಂದರು. ಅದು ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ಅಂಚಿನಿಂದ ನೀರು ಒಳಗೆ ಇಳಿದರೆ ಊದಿಕೊಳ್ಳುತ್ತದೆ. ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ನೆಂಟರೊಬ್ಬರ ಮನೆಯಲ್ಲಿ ಸಿಂಕಿನ ಕೆಳಗಿನ ಬಾಗಿಲು ಹೀಗೆ ಊದಿ, ಮುಚ್ಚುವುದಕ್ಕೇ ಬರುತ್ತಿರಲಿಲ್ಲ. ನಾವು ಕಟ್ಟೆಯ ಕೆಳಗಿನದ್ದನ್ನೆಲ್ಲ ಕಡಪ ಕಲ್ಲಿನಲ್ಲೇ ಮಾಡಿಸಿದೆವು. ನಡುವೆ ಅಡ್ಡಗೋಡೆ, ಅದರ ಮೇಲೆ ಕಲ್ಲಿನ ಹಲಗೆ. ಗೆದ್ದಲು ಹಿಡಿಯುವುದಿಲ್ಲ, ನೀರು ಚೆಲ್ಲಿದರೆ ಒರೆಸಿದರಾಯಿತು. ಬಾಗಿಲಿಗೆ ಮಾತ್ರ ಪ್ಲೈವುಡ್, ಅದೂ ನೀರು ತಡೆಯುವ ಪ್ಲೈಗೆ ಕೊಡುವ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ. ಕೊಯ್ದ ಅಂಚಿಗೆಲ್ಲ ಪಟ್ಟಿ ಅಂಟಿಸದೆ ಬಿಡಬೇಡಿ ಅಂತ ಆಚಾರಿಗೆ ಮೊದಲೇ ಹೇಳಿಟ್ಟಿದ್ದೆ. ಒಳ್ಳೆ ಪ್ಲೈ ತಂದರೂ ಅಂಚು ಬಿಚ್ಚಿಟ್ಟರೆ ನೀರು ಇಳಿಯುವುದು ಅಲ್ಲಿಂದಲೇ ಅಲ್ವಾ? ಬಾಗಿಲಿನ ತಿರುಗಣಿಗಳನ್ನು (ಹಿಂಜ್) ಸುಲಭಕ್ಕೆ ತುಕ್ಕು ಹಿಡಿಯದ 304 ಸ್ಟೀಲಿನವೇ ಬೇಕು ಅಂತ ಕೇಳಿ ತರಿಸಿದೆ. ಸಮುದ್ರದ ಗಾಳಿಗೆ ಸಾಧಾರಣ ಕಬ್ಬಿಣದ ತಿರುಗಣಿ ಬಹಳ ಕಾಲ ಬಾಳುವುದಿಲ್ಲ.

ಕೆಲಸ ಶುರುವಾಗುವ ಮೊದಲು ಡಬ್ಬಿ, ಭರಣಿ, ಪಾತ್ರೆ ಎಲ್ಲವನ್ನೂ ಹೊರಗೆ ಜಗುಲಿಗೆ ತಂದು ಸಾಲಾಗಿ ಇಟ್ಟೆವು. ದಿನಾ ಬೇಕಾದದ್ದು ಒಂದು ಕಡೆ, ವಾರಕ್ಕೊಮ್ಮೆ ತೆಗೆಯುವುದು ಇನ್ನೊಂದು ಕಡೆ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆ ಮತ್ತೊಂದು ಕಡೆ. ಆಮೇಲೆ ಟೇಪು ಹಿಡಿದು ಒಂದೊಂದರ ಎತ್ತರ ಬರೆದುಕೊಂಡೆ. ಉಪ್ಪಿನಕಾಯಿಯ ದೊಡ್ಡ ಭರಣಿ 16 ಇಂಚು ಇತ್ತು. ಹಾಗಾಗಿ ಒಂದು ಗೂಡನ್ನು 18 ಇಂಚು ಬಿಡಿಸಿದೆ. ಸಾಂಬಾರ ಡಬ್ಬಿಗಳಿಗೆ 7 ಇಂಚು ಸಾಕು. ಎಲ್ಲ ಗೂಡೂ ಒಂದೇ ಎತ್ತರ ಮಾಡಿದರೆ ಅರ್ಧ ಜಾಗ ಸುಮ್ನೆ ಗಾಳಿಗೆ ಹೋಗುತ್ತದೆ. 1926ರಲ್ಲಿ ಮಾರ್ಗರೆಟ್ ಶುಟ್ಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮನೆಗಳಿಗೆ ಒಂದು ಅಡುಗೆಮನೆ ಯೋಜಿಸಿದ್ದರು. ಅದರಲ್ಲಿ ಅಕ್ಕಿ, ಸಕ್ಕರೆ, ಬೇಳೆಗೆ ಒಂದೊಂದು ಅಲ್ಯೂಮಿನಿಯಂ ಡ್ರಾಯರು, ಮೇಲೆ ಹೆಸರು. ಹಿಟ್ಟಿಗೆ ಹುಳ ಬರಬಾರದು ಅಂತ ಓಕ್ ಮರದ್ದು. ಇಡುವ ಸಾಮಾನು ನೋಡಿ ಜಾಗ ಮಾಡಿದ ಆ ಹೆಂಗಸಿನ ಮೇಲೆ ನನಗೆ ತುಂಬ ಗೌರವ.

ಈಗ ಉಪ್ಪಿನ ವಿಷಯ. ನಮ್ಮನೆಗೆ ಬರುವುದು ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು. ಕಂದು ಬಣ್ಣದ ದಪ್ಪ ಹರಳು. ಗಂಜಿ ಊಟಕ್ಕೂ ಉಪ್ಪಿನಕಾಯಿಗೂ ಅದೇ ಬೇಕು. ಆದರೆ ಮಳೆ ಶುರುವಾದ ಕೂಡಲೇ ಗಾಳಿಯ ತೇವ ಎಳೆದುಕೊಂಡು ನೀರೊಡೆಯುತ್ತದೆ. ಆ ನೀರು ಮುಟ್ಟಿದ ಕಬ್ಬಿಣ ಉಳಿಯುವುದಿಲ್ಲ. ಮುರುಗಲು ಸಿಪ್ಪೆಯೂ ಹಾಗೆಯೇ, ಉಪ್ಪು ಹಾಕಿ ಒಣಗಿಸಿದ್ದಲ್ವಾ, ಯಾವಾಗಲೂ ಸ್ವಲ್ಪ ಹಸಿಹಸಿ. ಅದಕ್ಕೆ ಸಿಂಕಿನ ಪಕ್ಕದ ಗೋಡೆಯಲ್ಲಿ ಎರಡು ಅಡಿ ಉದ್ದದ ಒಂದು ಕಲ್ಲಿನ ಹಲಗೆ ಕೂರಿಸಿದೆವು, ಸಿಂಕಿನ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು. ಹಲಗೆಗೆ ಉದ್ದಕ್ಕೂ ಬೆರಳು ಅಗಲದ ಒಂದು ಸಣ್ಣ ಕಾಲುವೆ ಕೊರೆದಿದೆ. ಉಪ್ಪಿನ ಭರಣಿ, ಮುರುಗಲು ಭರಣಿ ಅದರ ಮೇಲೆ. ಇಳಿದ ನೀರು ಕಾಲುವೆಯಲ್ಲಿ ಹರಿದು ಸಿಂಕಿಗೆ ಬೀಳುತ್ತದೆ. ಇಡೀ ಅಡುಗೆಮನೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಈರುಳ್ಳಿ ಅಂದರೆ ಅಳ್ವೇಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಬೇಸಿಗೆಯಲ್ಲಿ ಸಾಲಾಗಿ ತೂಗುಹಾಕಿರುತ್ತಾರಲ್ಲ, ಆ ಸಿಹಿ ಈರುಳ್ಳಿ. ಎಲೆ ಸಮೇತ ಹೆಣೆದ ಗೊಂಚಲು. ಮೊದಲು ಒಲೆಯ ಮೇಲೆ ಕಟ್ಟುತ್ತಿದ್ದರು. ಹೊಗೆ, ಬಿಸಿ ತಾಗಿ ಮಳೆಗಾಲದಲ್ಲೂ ಕೆಡುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಒಲೆ ಹಿತ್ತಿಲಿಗೆ ಹೋಯಿತು, ಒಳಗಿನ ಈರುಳ್ಳಿ ಕೊಳೆಯಲು ಶುರುವಾಯಿತು. ಈಗ ಕಿಟಕಿಗೆ ಎದುರಾಗಿ, ಮಾಡಿನಿಂದ ಒಂದು ಅಡಿ ಕೆಳಗೆ, ಗೋಡೆಯಿಂದ ಗೋಡೆಗೆ ಸ್ಟೀಲ್ ಸಲಾಕೆ ಹಾಕಿಸಿದ್ದೇವೆ. ಗೊಂಚಲು ಒಂದಕ್ಕೊಂದು ತಾಗಬಾರದು, ನಡುವೆ ಗಾಳಿ ಆಡಬೇಕು. ಒಣಮೀನು ಮಾತ್ರ ಒಳಗೆ ಬೇಡವೆಂದು ಹಿಂದಿನ ಪಡಸಾಲೆಯ ಗೂಡಿಗೆ ಕಳಿಸಿದೆವು, ಬಿಗಿ ಮುಚ್ಚಳದ ಡಬ್ಬಿಯಲ್ಲಿ.

ಒಲೆ, ಸಿಂಕು, ಫ್ರಿಜ್ಜು ಮೂರನ್ನೂ ತ್ರಿಕೋನದಲ್ಲಿ ಇಡಬೇಕು, ಒಂದೊಂದು ಬದಿ 4ರಿಂದ 9 ಅಡಿ ಇರಬೇಕು ಅಂತ ಒಂದು ಲೆಕ್ಕ ಇದೆ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಲೆಕ್ಕ. ಒಬ್ಬರೇ ಅಡುಗೆ ಮಾಡುವ ಮನೆಗೆ ಅದು ಸರಿಯೇ. ನಮ್ಮಲ್ಲಿ ಬೆಳಿಗ್ಗೆ ನಾನು, ಅತ್ತೆ ಇಬ್ಬರೂ ಒಳಗೆ ಇರುತ್ತೇವೆ. ಜೊತೆಗೆ ಮೀನು ಬರುವುದು ಹಿಂಬಾಗಿಲಿನಿಂದ. ಅದನ್ನು ಒಳಗಿನ ಸಿಂಕಿನ ತನಕ ತರುವುದೇ ಬೇಡ ಅಂತ ಹಿಂಬಾಗಿಲ ಹೊರಗೆ ಒಂದು ನಳ, ಗ್ರಾನೈಟಿನ ಒಂದು ತುಂಡು, ನೀರು ತೆಂಗಿನ ಬುಡಕ್ಕೆ ಹೋಗುವಂತೆ ಒಂದು ಪೈಪು ಹಾಕಿದೆವು. ಒಳಗಿನ ನಡೆದಾಟ ಅರ್ಧ ಕಡಿಮೆಯಾಯಿತು.

ಅತ್ತೆಗೆ ನಿಂತು ಕಾಯಿ ಹೆರೆಯಲು ಬರುವುದಿಲ್ಲ. ನೆಲದ ಮೇಲೆ ಕೂತರೆ ಈಗ ಏಳುವುದು ಕಷ್ಟ. ಹಾಗಾಗಿ ಕಿಟಕಿಯ ಕೆಳಗೆ 14 ಇಂಚು ಎತ್ತರದ, ಅಗಲವಾದ ಒಂದು ಕಟ್ಟೆ ಮಾಡಿಸಿದೆ. ಅದರ ಮೇಲೆ ಈಳಿಗೆಮಣೆ ಇಟ್ಟು ಕಾಲು ಕೆಳಗೆ ಬಿಟ್ಟು ಕೂರುತ್ತಾರೆ. ಕಟ್ಟೆಯ ಅಡಿಯಲ್ಲಿ ಕಾಯಿ ರಾಶಿ. ಬಗ್ಗಿ ಒಂದು ತೆಗೆದರೆ ಸಾಕು. ಅಡುಗೆ ಕಟ್ಟೆ ಮಾತ್ರ ನನ್ನ ಅಳತೆಗೆ, 33 ಇಂಚು. ಮೊಣಕೈ ಮಡಚಿ ನಿಂತು, ಅಲ್ಲಿಂದ ನಾಲ್ಕೈದು ಇಂಚು ಕೆಳಗೆ ಬರುವಂತೆ ನೋಡಿಕೊಂಡರೆ ಬೆನ್ನು ನೋಯುವುದಿಲ್ಲ.

ಸಿಲಿಂಡರ್ ಹೊರಗೆ ಹೋಗಿದೆ, ಗೋಡೆಯ ಆಚೆ, ಜಾಲರಿ ಬಾಗಿಲಿನ ಗೂಡಿನಲ್ಲಿ. ಜಾಲರಿ ನೆಲದ ಮಟ್ಟದಿಂದಲೇ ಶುರುವಾಗುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ನಿಲ್ಲುತ್ತದೆ. ಕಿಂಡಿ ಮೇಲಿದ್ದರೆ ಪ್ರಯೋಜನ ಕಡಿಮೆ.

ಈಗ ಉಳಿದಿರುವುದು ಒಂದೇ ಚರ್ಚೆ. ಅಕ್ಕಿ ಡಬ್ಬಿಯ ಗೂಡಿಗೆ ಬಾಗಿಲು ಬೇಡ ಅಂತ ಅತ್ತೆ. "ಮುಚ್ಚಿಟ್ಟರೆ ಬೂಸು ಹಿಡೀತದೆ ಮಗಾ, ಗಾಳಿ ಬರ್ಲಿ" ಅಂತಾರೆ. ಬಾಗಿಲಿಲ್ಲದಿದ್ದರೆ ಇಲಿ ಬರುತ್ತದೆ ಅಂತ ನಾನು. ನಡುವೆ ಜಾಲರಿ ಹಾಕಿದ ಬಾಗಿಲು ಮಾಡಬಹುದು ಅಂತ ಆಚಾರಿ ಹೇಳಿದ್ದಾರೆ. ಚೌತಿ ಮುಗಿದ ಮೇಲೆ ಬರುತ್ತಾರಂತೆ.