ಜೋಗಿಮಟ್ಟಿಯ ಗಾಳಿ, ಜಾರ್ಜಿಯಾದ ದಾರಿ

ವೈದ್ಯಕೀಯ ಓದಿಗೆಂದು ಕಾಕಸಸ್ ಪರ್ವತಸೀಮೆಯ ಜಾರ್ಜಿಯಾ ದೇಶಕ್ಕೆ ಹೊರಟ ಅಕ್ಕನ ಮಗಳನ್ನು ಇಂದು ಬೆಳಿಗ್ಗೆ ಚಿತ್ರದುರ್ಗದಲ್ಲಿ ಬೆಂಗಳೂರು ಬಸ್ಸಿಗೆ ಹತ್ತಿಸಿ ಹಿಂದಿರುಗುವಾಗ, ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳು ಶ್ರಾವಣದ ಗಾಳಿಗೆ ಬಿಡುವಿಲ್ಲದೆ ತಿರುಗುತ್ತಿದ್ದವು. ಪಕ್ಕದ ದಾವಣಗೆರೆಯಲ್ಲಿ 1965ರಿಂದಲೇ ವೈದ್ಯಕೀಯ ಕಾಲೇಜಿದೆ. ಆದರೂ ಸರ್ಕಾರಿ ಸೀಟು ತಪ್ಪಿದವರಿಗೆ, ಖಾಸಗಿ ಸೀಟಿನ ಶುಲ್ಕಕ್ಕಿಂತ ಕಾಕಸಸ್ ಸೀಮೆಯ ಓದೇ ಅಗ್ಗವೆನಿಸುವ ಲೆಕ್ಕ ನನಗಂತೂ ವಿಚಿತ್ರವಾಗಿ ಕಾಣುತ್ತದೆ. 2022ರ ಫೆಬ್ರವರಿಯಲ್ಲಿ ಯುದ್ಧ ಆರಂಭವಾದಾಗ ಉಕ್ರೇನಿನಿಂದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಮರಳಿದ್ದನ್ನು ಕಂಡ ಮೇಲೂ ಈ ವಲಸೆ ನಿಂತಿಲ್ಲ, ದಾರಿಯನ್ನಷ್ಟೇ ಬದಲಿಸಿದೆ. 2030ರ ವೇಳೆಗೆ ಜಗತ್ತಿಗೆ ಸುಮಾರು 1 ಕೋಟಿ ಆರೋಗ್ಯ ಸಿಬ್ಬಂದಿಯ ಕೊರತೆಯಾಗಲಿದೆ, ಅದೂ ಹೆಚ್ಚಾಗಿ ಬಡ ದೇಶಗಳಲ್ಲಿ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬ್ರಿಟನ್ನಿನಂತಹ ಸಿರಿವಂತ ದೇಶಗಳಾದರೋ ಬೇರೆಡೆ ತರಬೇತಿ ಪಡೆದವರನ್ನು ಸೆಳೆದುಕೊಂಡು ತಮ್ಮ ಕೊರತೆಯನ್ನು ತುಂಬಿಕೊಳ್ಳುತ್ತವೆ.

ವಿದ್ಯುತ್ತಿನಲ್ಲಿ ಕೊಡುಕೊಳ್ಳುವಿಕೆ ಇಷ್ಟು ಏಕಮುಖವಲ್ಲ. ತನ್ನ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚನ್ನು ಗಾಳಿಯಿಂದ ಪಡೆಯುವ ಡೆನ್ಮಾರ್ಕಿಗೆ, ಗಾಳಿ ಬಿದ್ದ ದಿನ ನಾರ್ವೆಯ ಜಲವಿದ್ಯುತ್ ಆಸರೆಯಾಗುತ್ತದೆ. ಗಾಳಿ ಹೆಚ್ಚಾದ ದಿನ ವಿದ್ಯುತ್ ಅತ್ತ ಹರಿಯುತ್ತದೆ. ನಮ್ಮ ಬೆಟ್ಟದ ಗಾಳಿಯೂ ಮುಂಗಾರಿನಲ್ಲಿ ಜೋರು, ಬೇಡಿಕೆ ಏರುವ ಬೇಸಿಗೆಯಲ್ಲಿ ಮಂದ.

ಇದನ್ನೆಲ್ಲ ಅಕ್ಕನಿಗೆ ಹೇಳಲಿಲ್ಲ. ಕಟ್ಟಿಕೊಟ್ಟ ಜೋಳದ ರೊಟ್ಟಿ ಅಲ್ಲಿನ ಚಳಿಗೆ ಎಷ್ಟು ದಿನ ಕೆಡದೆ ಇದ್ದೀತು ಎಂದಷ್ಟೇ ಅವಳು ಕೇಳಿದಳು.